ಮಧುಮೇಹದಲ್ಲಿ ಕಾರಣ ತಿಳಿಯದ ರಕ್ತಸಕ್ಕರೆ ಏರಿಕೆ

ಮಧುಮೇಹದಲ್ಲಿ ಕಾರಣ ತಿಳಿಯದ ರಕ್ತಸಕ್ಕರೆ ಏರಿಕೆ ಎಂದರೆ, ಮಧುಮೇಹವಿರುವ ವ್ಯಕ್ತಿಯು ಆಹಾರ, ಔಷಧ ಮತ್ತು ದುಡಿಮೆಯಲ್ಲಿ ಎಂದಿನ ಕ್ರಮವನ್ನೇ ಪಾಲಿಸುತ್ತಿದ್ದರೂ ರಕ್ತದಲ್ಲಿನ ಗ್ಲೂಕೋಸ್ ಪ್ರಮಾಣವು ಗುರಿಯ ಮಟ್ಟವನ್ನು ಮೀರಿ, ಅದಕ್ಕೆ ಕಾರಣವು ಮೇಲ್ನೋಟಕ್ಕೆ ಕಾಣದಿರುವ ಸ್ಥಿತಿ. ಇದು ಪ್ರತ್ಯೇಕ ರೋಗವಲ್ಲ. ಬಹುತೇಕ ಸಂದರ್ಭಗಳಲ್ಲಿ ಕಾರಣ ಇದ್ದೇ ಇರುತ್ತದೆ, ಆದರೆ ಯಾರ ಗಮನಕ್ಕೂ ಬಂದಿರುವುದಿಲ್ಲ. ಅಳತೆಯ ದೋಷ, ಕೆಟ್ಟುಹೋದ ಇನ್ಸುಲಿನ್, ತಪ್ಪು ಸಿರಿಂಜು, ಅಡಗಿರುವ ಸೋಂಕು, ಬೇರೆ ಕಾಯಿಲೆಗೆ ಪಡೆದ ಔಷಧ, ಸಿಹಿಯೆಂದು ತೋರದ ಆಹಾರ ಮತ್ತು ರೋಗದ ಸಹಜ ಮುನ್ನಡೆ ಇವುಗಳಲ್ಲಿ ಮುಖ್ಯವಾದವು. ಕಾರಣವನ್ನು ಕ್ರಮವಾಗಿ ಹುಡುಕದೆ ರೋಗಿಯು ಕದ್ದು ಸಿಹಿ ತಿನ್ನುತ್ತಿರಬೇಕೆಂದು ಶಂಕಿಸುವುದಾಗಲಿ, ಔಷಧದ ಪ್ರಮಾಣವನ್ನು ತಾವಾಗಿಯೇ ಏರಿಸುವುದಾಗಲಿ ಹಾನಿಗೆ ದಾರಿಯಾಗುತ್ತದೆ.

ಈ ಲೇಖನವು ವಿಷಯವನ್ನು ಸಾಮಾನ್ಯವಾಗಿಯೂ, ಬಾಗಲಕೋಟೆ ಜಿಲ್ಲೆಯ ಜಮಖಂಡಿ, ಮುಧೋಳ, ಬೀಳಗಿ ಮತ್ತು ರಬಕವಿ-ಬನಹಟ್ಟಿ ತಾಲ್ಲೂಕುಗಳ ಜನಜೀವನದ ಹಿನ್ನೆಲೆಯಲ್ಲಿಯೂ ವಿವರಿಸುತ್ತದೆ.

ಹಿನ್ನೆಲೆ

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಅಧ್ಯಯನದ ಪ್ರಕಾರ, ದೇಶದ ವಯಸ್ಕರಲ್ಲಿ ಶೇ. 11.4ರಷ್ಟು ಜನರಿಗೆ, ಅಂದರೆ ಸುಮಾರು 10 ಕೋಟಿ ಜನರಿಗೆ, ಮಧುಮೇಹವಿದೆ. ನಗರಗಳ ಕಾಯಿಲೆ ಎಂದು ಒಂದು ಕಾಲದಲ್ಲಿ ಭಾವಿಸಲಾಗಿದ್ದ ಇದು ಇಂದು ಹಳ್ಳಿಗಳಲ್ಲಿಯೂ ವ್ಯಾಪಿಸಿದೆ.

ಕೃಷ್ಣಾ ಮತ್ತು ಘಟಪ್ರಭಾ ನದಿಗಳ ನೀರನ್ನು ಪಡೆಯುವ ಮೇಲಿನ ನಾಲ್ಕು ತಾಲ್ಲೂಕುಗಳು ಕಬ್ಬಿನ ಸೀಮೆಯೆಂದು ಹೆಸರಾಗಿವೆ. ಸಮೀರವಾಡಿಯೂ ಸೇರಿದಂತೆ ಹಲವೆಡೆ ಸಕ್ಕರೆ ಕಾರ್ಖಾನೆಗಳಿವೆ. ಮುಧೋಳ ಮತ್ತು ಮಹಾಲಿಂಗಪುರದ ಸುತ್ತ ಬೆಲ್ಲದ ಗಾಣಗಳಿದ್ದು, ಮಹಾಲಿಂಗಪುರದ ಬೆಲ್ಲದ ಪೇಟೆ ಪ್ರಸಿದ್ಧವಾಗಿದೆ. ರಬಕವಿ ಮತ್ತು ಬನಹಟ್ಟಿ ನೇಕಾರಿಕೆಯ ಊರುಗಳು. ಜೋಳದ ರೊಟ್ಟಿ ಇಲ್ಲಿನ ನಿತ್ಯದ ಊಟ. ಬೇಸಿಗೆಯಲ್ಲಿ ಉಷ್ಣಾಂಶವು 40 ಡಿಗ್ರಿ ಸೆಲ್ಸಿಯಸ್ ದಾಟುವುದುಂಟು. ಈ ಪ್ರತಿಯೊಂದು ಸಂಗತಿಯೂ ರಕ್ತಸಕ್ಕರೆಯ ಏರಿಳಿತದೊಂದಿಗೆ ಸಂಬಂಧ ಪಡೆಯುತ್ತದೆ.

ಗುರಿಯ ಮಟ್ಟಗಳು

ಗರ್ಭಿಣಿಯರಲ್ಲದ ಬಹುಪಾಲು ವಯಸ್ಕ ಮಧುಮೇಹಿಗಳಿಗೆ ಊಟಕ್ಕೆ ಮುನ್ನ ಪ್ರತಿ ಡೆಸಿಲೀಟರ್ ರಕ್ತದಲ್ಲಿ 80ರಿಂದ 130 ಮಿ.ಗ್ರಾಂ, ಊಟದ ನಂತರ 180 ಮಿ.ಗ್ರಾಂಗಿಂತ ಕಡಿಮೆ ಗ್ಲೂಕೋಸ್ ಇರಬೇಕೆಂಬುದು ಸಾಮಾನ್ಯ ಗುರಿ. ಹಿಂದಿನ ಸುಮಾರು ಮೂರು ತಿಂಗಳ ಸರಾಸರಿಯನ್ನು ಸೂಚಿಸುವ ಎಚ್‌ಬಿಎ1ಸಿ ಪರೀಕ್ಷೆಯಲ್ಲಿ ಶೇ. 7ಕ್ಕಿಂತ ಕಡಿಮೆ ಇರುವುದನ್ನು ಗುರಿಯಾಗಿ ಇಟ್ಟುಕೊಳ್ಳಲಾಗುತ್ತದೆ. ವಯೋವೃದ್ಧರಿಗೂ ಇತರ ಗಂಭೀರ ಕಾಯಿಲೆಗಳಿರುವವರಿಗೂ ವೈದ್ಯರು ಈ ಗುರಿಯನ್ನು ಸಡಿಲಿಸುತ್ತಾರೆ.

ಒಂದು ದಿನದ ಒಂದು ಅಳತೆ ಹೆಚ್ಚಾಗಿ ಬಂದ ಮಾತ್ರಕ್ಕೆ ಅದು ಚಿಕಿತ್ಸೆಯ ವೈಫಲ್ಯವಲ್ಲ. ಎರಡು ಮೂರು ದಿನ ಒಂದೇ ಹೊತ್ತಿನಲ್ಲಿ ಮರುಕಳಿಸುವ ಏರಿಕೆಗೆ ಹೆಚ್ಚಿನ ಮಹತ್ವವಿದೆ.

ಕಾರಣಗಳು

ಅಳತೆಯ ದೋಷ

ಏರಿಕೆ ನಿಜವೇ ಎಂಬುದು ಮೊದಲು ಇತ್ಯರ್ಥವಾಗಬೇಕಾದ ಪ್ರಶ್ನೆ. ಬೆರಳಿನ ಮೇಲೆ ಸಕ್ಕರೆಯ ಅಂಶ ಅಂಟಿಕೊಂಡಿದ್ದರೆ ಗ್ಲೂಕೋಮೀಟರ್ ಸುಳ್ಳು ಅಂಕಿಯನ್ನು ತೋರಿಸುತ್ತದೆ. ಪರೀಕ್ಷೆಗೆ ಬೇಕಾಗುವ ರಕ್ತ ಒಂದು ಸಣ್ಣ ಹನಿಯಷ್ಟೇ ಆದುದರಿಂದ, ಅದರೊಳಗೆ ಬೆರೆಯುವ ಅತ್ಯಲ್ಪ ಗ್ಲೂಕೋಸ್ ಕೂಡ ಫಲಿತಾಂಶವನ್ನು ಬಹಳವಾಗಿ ಏರಿಸಬಲ್ಲದು. ಬೆಲ್ಲದಲ್ಲಿ ಮತ್ತು ಕಬ್ಬಿನ ಹಾಲಿನಲ್ಲಿ ಸ್ವಲ್ಪ ಭಾಗ ಗ್ಲೂಕೋಸ್ ರೂಪದಲ್ಲಿಯೇ ಇರುತ್ತದೆ. ಗಾಣದಲ್ಲಿ, ಬೆಲ್ಲದ ಅಂಗಡಿಯಲ್ಲಿ ದುಡಿಯುವವರು ಅಥವಾ ಆಗತಾನೆ ಹಣ್ಣು ಸುಲಿದವರು ಕೈ ತೊಳೆಯದೆ ಪರೀಕ್ಷಿಸಿಕೊಂಡರೆ ಇಂತಹ ತಪ್ಪು ಸಂಭವಿಸುತ್ತದೆ. ಸ್ಪಿರಿಟ್ ಅರಳೆಯಿಂದ ಒರೆಸುವುದಷ್ಟೇ ಸಾಲದು. ಸಾಬೂನು ಮತ್ತು ನೀರಿನಿಂದ ತೊಳೆದು, ಚೆನ್ನಾಗಿ ಒರೆಸಿ ಪರೀಕ್ಷಿಸಬೇಕು.

ಅವಧಿ ಮೀರಿದ ಅಥವಾ ಡಬ್ಬಿಯ ಮುಚ್ಚಳ ತೆರೆದಿಟ್ಟು ಬಿಸಿಲು, ತೇವಕ್ಕೆ ಸಿಕ್ಕ ಪಟ್ಟಿಗಳೂ ತಪ್ಪು ಅಂಕಿ ಕೊಡುತ್ತವೆ. ಸರಿಯಾಗಿರುವ ಯಂತ್ರದಲ್ಲಿಯೂ ಅಲ್ಪ ವ್ಯತ್ಯಾಸ ಸಹಜ. ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ 100 ಮಿ.ಗ್ರಾಂ ಮತ್ತು ಅದಕ್ಕಿಂತ ಹೆಚ್ಚಿನ ಮಟ್ಟದಲ್ಲಿ ಶೇ. 95ರಷ್ಟು ಅಳತೆಗಳು ಪ್ರಯೋಗಾಲಯದ ಫಲಿತಾಂಶದಿಂದ ಶೇ. 15ರ ಒಳಗೆ ಇದ್ದರೆ ಸಾಕು. ಹೀಗಾಗಿ ವಾಸ್ತವದಲ್ಲಿ 200 ಇರುವ ಮಟ್ಟವನ್ನು ಯಂತ್ರವು 170ರಿಂದ 230ರ ನಡುವೆ ಎಲ್ಲಿ ತೋರಿಸಿದರೂ ಅದು ಯಂತ್ರದ ಕೆಡುಕಲ್ಲ.

ಎಚ್‌ಬಿಎ1ಸಿ ಪರೀಕ್ಷೆಗೂ ಮಿತಿಗಳಿವೆ. ಕಬ್ಬಿಣಾಂಶದ ಕೊರತೆಯ ರಕ್ತಹೀನತೆಯಲ್ಲಿ ಅದು ನಿಜಕ್ಕಿಂತ ಹೆಚ್ಚಾಗಿಯೂ, ಇತ್ತೀಚೆಗೆ ರಕ್ತಸ್ರಾವವಾದವರಲ್ಲಿ ನಿಜಕ್ಕಿಂತ ಕಡಿಮೆಯಾಗಿಯೂ ಬರಬಹುದು. ಮನೆಯ ಅಳತೆಗೂ ಈ ಪರೀಕ್ಷೆಗೂ ತಾಳೆಯಾಗದಿದ್ದಾಗ ಹಿಮೋಗ್ಲೋಬಿನ್ ಪರೀಕ್ಷೆ ಉಪಯುಕ್ತ.

ಇನ್ಸುಲಿನ್ ಸಂಬಂಧಿತ ಕಾರಣಗಳು

ಬಳಸದ ಇನ್ಸುಲಿನ್‌ ಅನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಅಂದರೆ ಫ್ರಿಜ್‌ನ ಸಾಮಾನ್ಯ ಖಾನೆಯಲ್ಲಿ ಇಡಬೇಕು. ಬರ್ಫದ ಖಾನೆಯಲ್ಲಿಟ್ಟು ಹೆಪ್ಪುಗಟ್ಟಿದ ಇನ್ಸುಲಿನ್ ನಿರುಪಯೋಗಿ. ಬಳಕೆಯಲ್ಲಿರುವ ಸೀಸೆಯನ್ನು ಸಾಮಾನ್ಯವಾಗಿ 30 ಡಿಗ್ರಿಗಿಂತ ಕಡಿಮೆ ಉಷ್ಣಾಂಶದಲ್ಲಿ ಸುಮಾರು 4 ವಾರ ಇಡಬಹುದು. ನಿಖರ ಅವಧಿ ಪೊಟ್ಟಣದ ಮೇಲೆ ನಮೂದಾಗಿರುತ್ತದೆ. ಏಪ್ರಿಲ್, ಮೇ ತಿಂಗಳ ಬಿಸಿಲಿನಲ್ಲಿ ತಗಡಿನ ಮಾಡಿನ ಮನೆ, ನಿಲ್ಲಿಸಿದ ಬೈಕಿನ ಡಿಕ್ಕಿ, ಕಿಟಕಿಯ ಪಕ್ಕದ ಮಾಡ ಇವೆಲ್ಲವೂ ಈ ಮಿತಿಯನ್ನು ಸುಲಭವಾಗಿ ಮೀರುತ್ತವೆ. ಶಾಖದಿಂದ ಸತ್ವ ಕಳೆದುಕೊಂಡ ಇನ್ಸುಲಿನ್ ನೋಡಲು ಮೊದಲಿನಂತೆಯೇ ಇರಬಹುದು. ಆದುದರಿಂದ ಹೊಸ ಸೀಸೆ ತೆರೆದ ಕೂಡಲೇ ಸಕ್ಕರೆ ಇಳಿದರೆ ಹಳೆಯ ಸೀಸೆಯೇ ಕಾರಣವೆಂದು ಊಹಿಸಬಹುದು. ಫ್ರಿಜ್ ಇಲ್ಲದ ಅಥವಾ ವಿದ್ಯುತ್ ಪದೇ ಪದೇ ಹೋಗುವ ಮನೆಗಳಲ್ಲಿ ಎರಡು ಮಣ್ಣಿನ ಗಡಿಗೆಗಳ ನಡುವೆ ಒದ್ದೆ ಮರಳು ತುಂಬಿ, ಒಳಗಿನ ಗಡಿಗೆಯಲ್ಲಿ ಪ್ಲಾಸ್ಟಿಕ್ ಚೀಲದೊಳಗೆ ಸೀಸೆಯನ್ನು ನೆರಳಿನಲ್ಲಿ ಇಡುವ ಕ್ರಮವು ಒಣ ಹವೆಯ ಪ್ರದೇಶಗಳಲ್ಲಿ ಫಲಕಾರಿ.

ಸಿರಿಂಜಿನ ಗೊಂದಲವು ಭಾರತದಲ್ಲಿ ಗಂಭೀರ ಸಮಸ್ಯೆ. ಇಲ್ಲಿ ಪ್ರತಿ ಮಿಲಿಲೀಟರಿಗೆ 40 ಯೂನಿಟ್ ಮತ್ತು 100 ಯೂನಿಟ್ ಸಾಂದ್ರತೆಯ ಎರಡು ಬಗೆಯ ಇನ್ಸುಲಿನ್ ದೊರೆಯುತ್ತವೆ. ಸಾಮಾನ್ಯವಾಗಿ 40ರ ಸಿರಿಂಜಿಗೆ ಕೆಂಪು ಮುಚ್ಚಳ, 100ರ ಸಿರಿಂಜಿಗೆ ಕಿತ್ತಳೆ ಮುಚ್ಚಳ ಇರುತ್ತದೆ. 40ರ ಸೀಸೆಯಿಂದ 100ರ ಸಿರಿಂಜಿನಲ್ಲಿ 20ರ ಗೆರೆಯವರೆಗೆ ಎಳೆದರೆ ದೇಹಕ್ಕೆ ಸೇರುವುದು 20 ಯೂನಿಟ್ ಅಲ್ಲ, ಕೇವಲ 8 ಯೂನಿಟ್. ಇದಕ್ಕೆ ವಿರುದ್ಧವಾಗಿ 100ರ ಸೀಸೆಯಿಂದ 40ರ ಸಿರಿಂಜಿನಲ್ಲಿ 20ರ ಗೆರೆಯವರೆಗೆ ಎಳೆದರೆ 50 ಯೂನಿಟ್ ಸೇರಿ ಸಕ್ಕರೆ ಪ್ರಾಣಾಪಾಯದ ಮಟ್ಟಕ್ಕೆ ಇಳಿಯಬಹುದು. ಸೀಸೆಯ ಮೇಲಿನ ಅಂಕಿಯೂ ಸಿರಿಂಜಿನ ಮೇಲಿನ ಅಂಕಿಯೂ ಒಂದೇ ಆಗಿರುವುದನ್ನು ಪ್ರತಿ ಬಾರಿ ನೋಡಿಕೊಳ್ಳಬೇಕು.

ಹೊಟ್ಟೆಯ ಅಥವಾ ತೊಡೆಯ ಒಂದೇ ಜಾಗದಲ್ಲಿ ನಿತ್ಯ ಚುಚ್ಚಿಕೊಂಡರೆ ಚರ್ಮದ ಕೆಳಗೆ ಕೊಬ್ಬಿನ ಗಂಟುಗಳು ಬೆಳೆಯುತ್ತವೆ. ಅಲ್ಲಿ ಚುಚ್ಚಿದರೆ ನೋವು ಕಡಿಮೆಯೆನಿಸುವುದರಿಂದ ರೋಗಿಗಳು ಅದೇ ಜಾಗವನ್ನು ಬಯಸುತ್ತಾರೆ. ಆದರೆ ಗಂಟಿನಿಂದ ಇನ್ಸುಲಿನ್ ಸರಿಯಾಗಿ ಹೀರಲ್ಪಡುವುದಿಲ್ಲ. ಜಾಗವನ್ನು ಬದಲಿಸುತ್ತಿರುವುದೇ ಪರಿಹಾರ. ಆದರೆ ಗಂಟನ್ನು ಬಿಟ್ಟು ಹೊಸ ಜಾಗದಲ್ಲಿ ಚುಚ್ಚಿದಾಗ ಅದೇ ಪ್ರಮಾಣವು ಹೆಚ್ಚು ಪರಿಣಾಮ ಬೀರುವುದರಿಂದ ವೈದ್ಯರ ಸಲಹೆ ಅವಶ್ಯಕ. ಮಸುಕಾಗಿ ಕಾಣುವ ಮಿಶ್ರ ಇನ್ಸುಲಿನ್ ಅನ್ನು ಅಂಗೈಗಳ ನಡುವೆ ಮೆಲ್ಲನೆ ಉರುಳಿಸಿ ಸಮವಾಗಿ ಬೆರೆಸದಿರುವುದು, ಪೆನ್ ಒತ್ತಿದ ಕೂಡಲೇ ಸೂಜಿ ಹೊರತೆಗೆಯುವುದು ಸಹ ಏರಿಳಿತಕ್ಕೆ ಕಾರಣಗಳು.

ಗುಳಿಗೆಗಳು ಮತ್ತು ಇತರ ಔಷಧಗಳು

ಗುಳಿಗೆ ಮರೆಯುವುದು, ಖರ್ಚು ಉಳಿಸಲು ದಿನ ಬಿಟ್ಟು ದಿನ ನುಂಗುವುದು, ಹಾಗಲಕಾಯಿ, ಬೇವು, ಮೆಂತ್ಯಗಳನ್ನು ನೆಚ್ಚಿ ಗುಳಿಗೆ ನಿಲ್ಲಿಸುವುದು ಸಾಮಾನ್ಯ. ಬೈಸಿಕೊಳ್ಳುವ ಭಯದಿಂದ ಇವನ್ನು ವೈದ್ಯರಿಗೆ ತಿಳಿಸದಿದ್ದಾಗ ಏರಿಕೆಯು ‘ಕಾರಣವಿಲ್ಲದ್ದು’ ಎನಿಸಿಕೊಳ್ಳುತ್ತದೆ.

ಬೇರೆ ಕಾಯಿಲೆಗೆ ಕೊಟ್ಟ ಔಷಧಗಳಲ್ಲಿ ಸ್ಟೀರಾಯ್ಡ್‌ಗಳು ಪ್ರಮುಖ. ಉಬ್ಬಸ, ಕೀಲುನೋವು, ಚರ್ಮರೋಗ, ಅಲರ್ಜಿಗಳಿಗೆ ನೀಡುವ ಪ್ರೆಡ್ನಿಸೋಲೋನ್, ಡೆಕ್ಸಾಮೆಥಾಸೋನ್ ಮುಂತಾದವು ಸಕ್ಕರೆಯನ್ನು ತೀವ್ರವಾಗಿ ಏರಿಸುತ್ತವೆ. ಬೆಳಿಗ್ಗೆ ಪ್ರೆಡ್ನಿಸೋಲೋನ್ ನುಂಗಿದವರಲ್ಲಿ ಮುಂಜಾನೆಯ ಅಳತೆ ಬಹುಮಟ್ಟಿಗೆ ಸರಿಯಾಗಿದ್ದು, ಮಧ್ಯಾಹ್ನದಿಂದ ರಾತ್ರಿಯವರೆಗೆ ಏರಿಕೆ ಕಾಣುತ್ತದೆ. ಮೊಣಕಾಲಿಗೆ ಅಥವಾ ಭುಜಕ್ಕೆ ಚುಚ್ಚಿದ ಸ್ಟೀರಾಯ್ಡ್‌ನ ಪರಿಣಾಮ ಹಲವು ದಿನ ಇರಬಹುದು. ಹೆಸರು, ವಿವರಗಳಿಲ್ಲದೆ ಮಾರಾಟವಾಗುವ ನೋವಿನ ಪುಡಿ, ಗುಳಿಗೆಗಳಲ್ಲಿ ಸ್ಟೀರಾಯ್ಡ್ ಬೆರೆತಿರುವುದು ಭಾರತದ ಹಲವೆಡೆ ಪತ್ತೆಯಾಗಿದೆ. ಕಬ್ಬು ಕಡಿಯುವವರು, ಮಗ್ಗದ ಮುಂದೆ ದೀರ್ಘಕಾಲ ಕೂರುವವರು ಮೈಕೈ ನೋವಿಗೆ ಇಂತಹ ಪುಡಿಗಳ ಮೊರೆಹೋದರೆ ಸಕ್ಕರೆಯ ಏರಿಕೆಗೆ ಕಾರಣ ತಿಳಿಯುವುದು ಕಷ್ಟ. ದೀರ್ಘಕಾಲ ಸೇವಿಸಿದ ಸ್ಟೀರಾಯ್ಡ್‌ ಅನ್ನು ಒಮ್ಮೆಲೇ ನಿಲ್ಲಿಸುವುದೂ ಅಪಾಯಕರ. ವೈದ್ಯರ ಮಾರ್ಗದರ್ಶನದಲ್ಲಿ ಕ್ರಮೇಣ ಇಳಿಸಬೇಕು. 2021ರಲ್ಲಿ ಕೋವಿಡ್ ಎರಡನೆಯ ಅಲೆಯ ವೇಳೆ ಕರ್ನಾಟಕವೂ ಸೇರಿದಂತೆ ದೇಶದಲ್ಲಿ ಹರಡಿದ ಕಪ್ಪು ಶಿಲೀಂಧ್ರ ರೋಗದ ಹಿಂದೆ ಹತೋಟಿ ತಪ್ಪಿದ ಮಧುಮೇಹ ಮತ್ತು ಸ್ಟೀರಾಯ್ಡ್ ಬಳಕೆ ಪ್ರಮುಖ ಕಾರಣಗಳಾಗಿದ್ದವು.

ಅಡಗಿರುವ ಸೋಂಕು

ಸೋಂಕು ತಗುಲಿದಾಗ ದೇಹವು ಒತ್ತಡದ ಹಾರ್ಮೋನುಗಳನ್ನು ಸ್ರವಿಸುತ್ತದೆ. ಅವು ಯಕೃತ್ತಿನಿಂದ ಗ್ಲೂಕೋಸ್ ಬಿಡುಗಡೆಯನ್ನು ಹೆಚ್ಚಿಸಿ, ಇನ್ಸುಲಿನ್ನಿನ ಕೆಲಸಕ್ಕೆ ಅಡ್ಡಿಯಾಗುತ್ತವೆ. ಜ್ವರ ಬರುವ ಮುನ್ನವೇ ಸಕ್ಕರೆ ಏರುವುದುಂಟು. ಮೂತ್ರನಾಳದ ಸೋಂಕು, ಹಲ್ಲು ಮತ್ತು ವಸಡಿನ ಕೀವು, ಕಾಲಿನ ಗಾಯ ಇವು ಸುಲಭವಾಗಿ ಕಣ್ತಪ್ಪುತ್ತವೆ. ಮಧುಮೇಹದಿಂದ ಪಾದದ ಸ್ಪರ್ಶಜ್ಞಾನ ಕುಂದಿದವರಿಗೆ ಕಬ್ಬಿನ ಕೂಳೆ ಚುಚ್ಚಿದರೂ ತಿಳಿಯದಿರಬಹುದು. ಆದುದರಿಂದ ಕಾರಣ ತಿಳಿಯದ ಏರಿಕೆಯಲ್ಲಿ ಅಂಗಾಲು ಮತ್ತು ಬೆರಳುಗಳ ಸಂದುಗಳನ್ನು ನೋಡುವುದು ಕಡ್ಡಾಯ.

ಕ್ಷಯರೋಗವು ಮಧುಮೇಹಿಗಳಲ್ಲಿ ಇತರರಿಗಿಂತ ಎರಡರಿಂದ ಮೂರು ಪಟ್ಟು ಹೆಚ್ಚು. ಎರಡು ವಾರ ಮೀರಿದ ಕೆಮ್ಮು, ಸಂಜೆಯ ಜ್ವರ, ತೂಕ ಇಳಿಕೆ ಇದ್ದರೆ ಕಫ ಪರೀಕ್ಷೆ ಮಾಡಿಸಬೇಕು. ಇದು ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ.

ಸಿಹಿಯೆಂದು ತೋರದ ಆಹಾರ

ಸಿಹಿ ತಿನ್ನದವರಲ್ಲಿಯೂ ಪಿಷ್ಟವು ಗ್ಲೂಕೋಸ್ ಆಗಿ ಮಾರ್ಪಡುತ್ತದೆ. ಜೋಳದಲ್ಲಿ ನಾರು ಇದ್ದರೂ 100 ಗ್ರಾಂ ಜೋಳದ ಹಿಟ್ಟಿನಲ್ಲಿ ಸುಮಾರು 70 ಗ್ರಾಂ ಕಾರ್ಬೋಹೈಡ್ರೇಟ್ ಇರುತ್ತದೆ. ‘ಜೋಳದ ರೊಟ್ಟಿಯಿಂದ ಸಕ್ಕರೆ ಏರುವುದಿಲ್ಲ’ ಎಂಬ ನಂಬಿಕೆಯಿಂದ ಎಣಿಕೆಯಿಲ್ಲದೆ ತಿಂದರೆ ಏರಿಕೆ ಸಹಜ. ‘ಬೆಲ್ಲ ತಿಂದರೆ ದೋಷವಿಲ್ಲ’ ಎಂಬುದೂ ಅಂತಹುದೇ ತಪ್ಪು ಕಲ್ಪನೆ. ಬೆಲ್ಲದ ಬಹುಭಾಗ ಸಕ್ಕರೆಯಲ್ಲಿರುವ ಸುಕ್ರೋಸೇ ಆಗಿದ್ದು, ರಕ್ತದ ಮೇಲೆ ಎರಡರ ಪರಿಣಾಮ ಹೆಚ್ಚು ಕಡಿಮೆ ಒಂದೇ. 200 ಮಿಲಿಲೀಟರ್ ಕಬ್ಬಿನ ಹಾಲಿನಲ್ಲಿ ಸುಮಾರು 25ರಿಂದ 30 ಗ್ರಾಂ ಸಕ್ಕರೆ ಇರುತ್ತದೆ.

ಉಪವಾಸದ ದಿನದ ಏರಿಕೆ ಅನೇಕರಿಗೆ ಅಚ್ಚರಿ ತರುತ್ತದೆ. ಶ್ರಾವಣ ಸೋಮವಾರ, ಏಕಾದಶಿ, ಶಿವರಾತ್ರಿಗಳಂದು ಊಟ ಬಿಟ್ಟು ಸೇವಿಸುವ ಸಾಬೂದಾನಿ ಬಹುತೇಕ ಶುದ್ಧ ಪಿಷ್ಟ. ಜೊತೆಗೆ ಬಾಳೆಹಣ್ಣು, ಖರ್ಜೂರ ಸೇರಿದರೆ ಊಟಕ್ಕಿಂತ ಹೆಚ್ಚು ಏರಿಕೆಯಾಗುತ್ತದೆ. ರಂಜಾನ್ ಉಪವಾಸ ಬಿಡುವಾಗ ಖರ್ಜೂರ, ಶರಬತ್ತು ಮಿತಿಮೀರಿದರೂ ಹೀಗೆಯೇ. ಉಪವಾಸದಂದು ಔಷಧದ ಹೊತ್ತು ತಪ್ಪುವುದು ಇದಕ್ಕೆ ಸೇರಿಕೊಳ್ಳುತ್ತದೆ. ದಿನಕ್ಕೆ ನಾಲ್ಕೈದು ಸಲ ಕುಡಿಯುವ ಸಕ್ಕರೆ ಹಾಕಿದ ಚಹಾ ಲೆಕ್ಕಕ್ಕೆ ಸಿಗದೆ ಹೋಗುವ ಮತ್ತೊಂದು ಮೂಲ.

ಮುಂಜಾನೆಯ ಏರಿಕೆ

ರಾತ್ರಿ ಮಲಗುವಾಗ ಸರಿಯಾಗಿದ್ದ ಸಕ್ಕರೆ ಏನನ್ನೂ ತಿನ್ನದೆ ಬೆಳಿಗ್ಗೆ ಏರಿರುವುದಕ್ಕೆ ಸಾಮಾನ್ಯ ಕಾರಣ ‘ಉಷಃಕಾಲದ ಏರಿಕೆ’. ಬೆಳಗಿನ ಜಾವ ಸುಮಾರು 3ರಿಂದ 8 ಗಂಟೆಯ ನಡುವೆ ಕಾರ್ಟಿಸಾಲ್, ಬೆಳವಣಿಗೆಯ ಹಾರ್ಮೋನು ಮೊದಲಾದವು ಹೆಚ್ಚಾಗಿ, ಯಕೃತ್ತು ಗ್ಲೂಕೋಸ್ ಬಿಡುಗಡೆ ಮಾಡುತ್ತದೆ. ರಾತ್ರಿ ಸಕ್ಕರೆ ತೀರ ಕಡಿಮೆಯಾಗಿ, ಅದಕ್ಕೆ ಪ್ರತಿಕ್ರಿಯೆಯಾಗಿ ಬೆಳಿಗ್ಗೆ ಏರುತ್ತದೆಂಬ ವಾದವನ್ನು 1930ರ ದಶಕದಲ್ಲಿ ಮೈಕೇಲ್ ಸೊಮೊಗಿ ಮಂಡಿಸಿದನು. ನಿರಂತರ ಅಳತೆಯ ಉಪಕರಣಗಳು ಬಂದ ಮೇಲೆ ಇದು ಹಿಂದೆ ಭಾವಿಸಿದಷ್ಟು ಸಾಮಾನ್ಯವಲ್ಲವೆಂದು ತಿಳಿದುಬಂದಿದೆ. ಆದರೂ ರಾತ್ರಿ ಬೆವರು, ನಡುಕ, ಕೆಟ್ಟ ಕನಸು ಇದ್ದರೆ ರಾತ್ರಿ 2ರಿಂದ 3 ಗಂಟೆಯ ನಡುವೆ ಒಮ್ಮೆ ಪರೀಕ್ಷಿಸುವುದು ಸೂಕ್ತ. ಆ ಹೊತ್ತಿನಲ್ಲಿ ಸಕ್ಕರೆ ಕಡಿಮೆ ಇದ್ದವರಿಗೆ ರಾತ್ರಿಯ ಔಷಧ ಹೆಚ್ಚಿಸಿದರೆ ಪ್ರಾಣಕ್ಕೇ ಅಪಾಯ.

ದುಡಿಮೆ, ನಿದ್ರೆ ಮತ್ತು ಮನಸ್ಸು

ಕಬ್ಬು ನುರಿಸುವ ಹಂಗಾಮಿನಲ್ಲಿ ರಾತ್ರಿ ಪಾಳಿಗೆ ಹೋಗುವವರ ಊಟ, ಔಷಧ, ನಿದ್ರೆಗಳ ಹೊತ್ತು ಬದಲಾಗುತ್ತದೆ. ಹೊಲದ ಕೆಲಸ ಮುಗಿದ ಬಿಡುವಿನ ದಿನಗಳಲ್ಲಿ ಶ್ರಮ ಕಡಿಮೆಯಾದರೂ ಊಟ ಹಿಂದಿನಷ್ಟೇ ಇರುತ್ತದೆ. ನಿದ್ರಾಹೀನತೆ, ದೇಹದ ನೋವು, ಸಾಲ, ಮನೆಯಲ್ಲಿ ಸಾವು ಮುಂತಾದ ಒತ್ತಡಗಳು ಹಾರ್ಮೋನುಗಳ ಮೂಲಕ ಸಕ್ಕರೆಯನ್ನು ಏರಿಸುತ್ತವೆ. ಕೆಲವು ಮಹಿಳೆಯರಲ್ಲಿ ಮುಟ್ಟಿಗೆ ಕೆಲವು ದಿನ ಮುಂಚೆ ಏರಿಕೆ ಕಾಣುತ್ತದೆ.

ರೋಗದ ಮುನ್ನಡೆ ಮತ್ತು ಇತರ ರೋಗಗಳು

ಎರಡನೆಯ ಬಗೆಯ ಮಧುಮೇಹದಲ್ಲಿ ಇನ್ಸುಲಿನ್ ಉತ್ಪಾದಿಸುವ ಶಕ್ತಿ ವರ್ಷಗಳು ಕಳೆದಂತೆ ಕುಗ್ಗುತ್ತದೆ. 5,102 ರೋಗಿಗಳನ್ನು ಒಳಗೊಂಡು 1998ರಲ್ಲಿ ಮುಖ್ಯ ಫಲಿತಾಂಶ ಪ್ರಕಟಿಸಿದ ಬ್ರಿಟನ್ನಿನ ದೀರ್ಘಾವಧಿ ಅಧ್ಯಯನವು ಇದನ್ನು ಸ್ಪಷ್ಟಪಡಿಸಿತು. ಹಿಂದೆ ಸಾಕಾಗುತ್ತಿದ್ದ ಗುಳಿಗೆ ಈಗ ಸಾಲದಿದ್ದರೆ, ಇನ್ಸುಲಿನ್ ಬೇಕಾದರೆ, ಅದು ರೋಗಿಯ ತಪ್ಪಲ್ಲ. ಥೈರಾಯ್ಡ್ ಅತಿಸ್ರಾವ, ಮೇದೋಜೀರಕ ಗ್ರಂಥಿಯ ರೋಗಗಳು ಸಹ ಕಾರಣವಾಗಬಹುದು. 50 ದಾಟಿದವರಲ್ಲಿ ಸಕ್ಕರೆ ದಿಢೀರನೆ ಹತೋಟಿ ತಪ್ಪಿ, ಜೊತೆಗೆ ತೂಕ ಇಳಿಕೆ, ಹೊಟ್ಟೆ ಅಥವಾ ಬೆನ್ನುನೋವು ಇದ್ದರೆ ಮೇದೋಜೀರಕ ಗ್ರಂಥಿಯ ಪರೀಕ್ಷೆ ಅಗತ್ಯ.

ಕಾರಣ ಹುಡುಕುವ ಕ್ರಮ

ಕೈ ತೊಳೆದು, ಹೊಸ ಪಟ್ಟಿಯಿಂದ ಮತ್ತೆ ಅಳೆಯುವುದು ಮೊದಲ ಹೆಜ್ಜೆ. ಆನಂತರ ಮೂರು ದಿನ ಊಟಕ್ಕೆ ಮುನ್ನ, ಊಟದ 2 ಗಂಟೆಯ ನಂತರ ಮತ್ತು ಮಲಗುವ ಮುನ್ನ ಅಳೆದು, ಆಹಾರ, ಔಷಧ, ಕೆಲಸಗಳೊಂದಿಗೆ ಒಂದು ವಹಿಯಲ್ಲಿ ಬರೆಯಬೇಕು. ಪಟ್ಟಿಗಳು ದುಬಾರಿಯೆನಿಸಿದರೆ ದಿನಕ್ಕೊಂದು ಹೊತ್ತಿನಂತೆ ಬದಲಿಸುತ್ತ ಅಳೆಯಬಹುದು.

ಏರಿಕೆಯ ಹೊತ್ತು ಕಾರಣವನ್ನು ಸೂಚಿಸುತ್ತದೆ:
- ಬೆಳಿಗ್ಗೆ ಮಾತ್ರ ಏರಿಕೆ: ಉಷಃಕಾಲದ ಏರಿಕೆ, ತಡವಾದ ರಾತ್ರಿ ಊಟ, ರಾತ್ರಿಯ ಔಷಧ ಸಾಲದಿರುವುದು.
- ಊಟದ ನಂತರ ಮಾತ್ರ ಏರಿಕೆ: ಆಹಾರದ ಪ್ರಮಾಣ, ಅಥವಾ ಇನ್ಸುಲಿನ್ ಚುಚ್ಚುವ ಹೊತ್ತು.
- ಮಧ್ಯಾಹ್ನದಿಂದ ರಾತ್ರಿಯವರೆಗೆ ಏರಿಕೆ: ಸ್ಟೀರಾಯ್ಡ್‌ನ ಸಂಶಯ.
- ದಿನವಿಡೀ ಏರಿಕೆ: ಸೋಂಕು, ಕೆಟ್ಟ ಇನ್ಸುಲಿನ್, ತಪ್ಪು ಸಿರಿಂಜು, ಬಿಟ್ಟುಹೋದ ಔಷಧ.
- ಅಂದಾಜಿಗೆ ಸಿಗದ ಏರಿಳಿತ: ಚುಚ್ಚುವ ಜಾಗದ ಗಂಟು, ಬೆರೆಸದ ಇನ್ಸುಲಿನ್.

ಈ ವಹಿ, ಬಳಸುತ್ತಿರುವ ಸೀಸೆ ಮತ್ತು ಸಿರಿಂಜು, ಮನೆಯಲ್ಲಿರುವ ಎಲ್ಲ ಗುಳಿಗೆ ಹಾಗೂ ಪುಡಿಗಳೊಂದಿಗೆ ವೈದ್ಯರನ್ನು ಕಂಡರೆ ಕಾರಣ ಬೇಗ ತಿಳಿಯುತ್ತದೆ.

ಅಪಾಯದ ಲಕ್ಷಣಗಳು

ಕಾರಣ ಹುಡುಕಲು ಕಾಯಬಾರದ ಸಂದರ್ಭಗಳೂ ಇವೆ. ಸಕ್ಕರೆ 250 ಮಿ.ಗ್ರಾಂ ಮೀರಿ, ವಾಂತಿ, ಹೊಟ್ಟೆನೋವು, ಆಳವಾದ ವೇಗದ ಉಸಿರಾಟ, ಉಸಿರಿನಲ್ಲಿ ಹಣ್ಣಿನ ವಾಸನೆ ಇದ್ದರೆ ಅದು ಕೀಟೋಆಮ್ಲತೆ ಇರಬಹುದು. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಗುಂಪಿನ ಗುಳಿಗೆ ಸೇವಿಸುವವರಲ್ಲಿ ಸಕ್ಕರೆ ಅಷ್ಟು ಏರದೆಯೂ ಇದು ಬರಬಹುದು. ವಯಸ್ಸಾದವರಲ್ಲಿ ಸಕ್ಕರೆ 600 ಮಿ.ಗ್ರಾಂ ಮೀರಿ, ನೀರಿನಂಶ ಕುಗ್ಗಿ, ಮಂಪರು, ಗೊಂದಲ, ಪ್ರಜ್ಞಾಹೀನತೆ ಉಂಟಾಗುವ ಇನ್ನೊಂದು ಸ್ಥಿತಿಯೂ ಇದೆ. ಬೇಸಿಗೆಯಲ್ಲಿ ನೀರು ಕುಡಿಯದೆ ದುಡಿಯುವುದು ಇದರ ಅಪಾಯವನ್ನು ಹೆಚ್ಚಿಸುತ್ತದೆ. ಇವೆರಡೂ ತುರ್ತು ಸ್ಥಿತಿಗಳು. ಕೂಡಲೇ 108 ಆಂಬುಲೆನ್ಸ್ ಕರೆದು ಆಸ್ಪತ್ರೆಗೆ ಸೇರಿಸಬೇಕು.

ಮಾಡಬಾರದ ಸಂಗತಿಗಳು

ಒಂದು ಅಳತೆಯನ್ನು ನಂಬಿ ಇನ್ಸುಲಿನ್ ಅಥವಾ ಗುಳಿಗೆ ಹೆಚ್ಚಿಸಬಾರದು. ಬೆರಳಿನ ಬೆಲ್ಲದಿಂದ ಬಂದ ಸುಳ್ಳು ಏರಿಕೆಗೆ ಹೆಚ್ಚುವರಿ ಇನ್ಸುಲಿನ್ ಚುಚ್ಚಿದರೆ ಸಕ್ಕರೆ ತೀರ ಕುಸಿಯುತ್ತದೆ. ಜ್ವರ ಬಂದು ಊಟ ಸೇರದಿದ್ದಾಗ ಇನ್ಸುಲಿನ್ ಅನ್ನು ಪೂರ್ಣವಾಗಿ ನಿಲ್ಲಿಸಬಾರದು. ಆಗಾಗ ಅಳೆದು ವೈದ್ಯರ ಸಲಹೆಯಂತೆ ಪ್ರಮಾಣ ಹೊಂದಿಸಿಕೊಳ್ಳಬೇಕು. ಕೀಟೋನ್ ಇದ್ದಾಗ ಸಕ್ಕರೆ ಇಳಿಸಲೆಂದು ವ್ಯಾಯಾಮ ಮಾಡಬಾರದು. ಇನ್ನೊಬ್ಬರ ಗುಳಿಗೆಯನ್ನು ಸೇವಿಸಬಾರದು.

ಕುಟುಂಬ ಮತ್ತು ಆರೋಗ್ಯ ಸೇವೆ

ಏರಿದ ಅಂಕಿಯನ್ನು ಅಪರಾಧದಂತೆ ಕಂಡು ಬೈಯುವ ಮನೆಗಳಲ್ಲಿ ರೋಗಿಗಳು ಅಳತೆಯನ್ನೇ ನಿಲ್ಲಿಸುತ್ತಾರೆ ಅಥವಾ ಸುಳ್ಳು ಅಂಕಿ ಹೇಳುತ್ತಾರೆ. ಆಗ ನಿಜವಾದ ಕಾರಣ ಕೈಗೆ ಸಿಗುವುದಿಲ್ಲ. ವೃದ್ಧರಿಗೆ ಸಿರಿಂಜಿನ ಗೆರೆ ಕಾಣುತ್ತದೆಯೇ, ಗುಳಿಗೆ ಉಳಿದಿದೆಯೇ, ಪಾದದಲ್ಲಿ ಗಾಯವಿದೆಯೇ ಎಂದು ನೋಡುವುದು ಮನೆಯವರು ಮಾಡಬಹುದಾದ ಉಪಕಾರ.

ಕೇಂದ್ರ ಸರ್ಕಾರವು 2010ರಲ್ಲಿ ಆರಂಭಿಸಿದ ಅಸಾಂಕ್ರಾಮಿಕ ರೋಗಗಳ ರಾಷ್ಟ್ರೀಯ ಕಾರ್ಯಕ್ರಮದಡಿ 30 ವರ್ಷ ಮೀರಿದವರಿಗೆ ಮಧುಮೇಹ ತಪಾಸಣೆಯ ವ್ಯವಸ್ಥೆಯಿದೆ. ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಹಾಗೂ ತಾಲ್ಲೂಕು ಆಸ್ಪತ್ರೆಗಳ ಅಸಾಂಕ್ರಾಮಿಕ ರೋಗಗಳ ವಿಭಾಗಗಳಲ್ಲಿ ಪರೀಕ್ಷೆ ಮತ್ತು ಔಷಧಗಳನ್ನು ಪಡೆಯಬಹುದು. ಜನೌಷಧಿ ಕೇಂದ್ರಗಳಲ್ಲಿ ಔಷಧಗಳು ಕಡಿಮೆ ಬೆಲೆಗೆ ದೊರೆಯುತ್ತವೆ. ಮನೆಮನೆಗೆ ಬರುವ ಆಶಾ ಕಾರ್ಯಕರ್ತೆಯರ ಮೂಲಕ ಈ ಸೇವೆಗಳ ಮಾಹಿತಿ ಪಡೆಯಬಹುದು.